ಹೈಡ್ರಾಲಿಕ್ ರ‍್ಯಾಮ್: ಹೊಳೆಯೇ ನಡೆಸುವ ಪಂಪು

ಎರಕಹೊಯ್ದ ಕಬ್ಬಿಣದ ಈ ಪಂಪಿಗೆ ವಿದ್ಯುತ್ತೂ ಬೇಡ, ಡೀಸೆಲೂ ಬೇಡ. ತಾನೇ ನಡೆಯುವ ರ‍್ಯಾಮ್ ಅನ್ನು 1796ರಲ್ಲಿ ರೂಪಿಸಿದವರು ಬಿಸಿಗಾಳಿ ಬಲೂನಿನಿಂದ ಹೆಸರಾದ ಫ್ರಾನ್ಸಿನ ಜೋಸೆಫ್ ಮಾಂಟ್‌ಗೋಲ್ಫಿಯೆ.

ಸಂಪಾಜೆಯಲ್ಲಿ ಪಯಸ್ವಿನಿ ಹರಿಯುವುದು ತಗ್ಗಿನಲ್ಲಿ, ಅಡಿಕೆ ತೋಟಗಳಿರುವುದು ಇಳಿಜಾರಿನಲ್ಲಿ. ಇಂಥ ಘಟ್ಟದ ಬುಡಕ್ಕೆ ಹೇಳಿ ಮಾಡಿಸಿದ ಯಂತ್ರವಿದು.

ಹೊರಕ್ಕೆ ತೆರೆದಿರುವ ಕವಾಟವನ್ನು ಗಮನಿಸಿ. ಕೊಳವೆಯಲ್ಲಿ ರಭಸದಿಂದ ಇಳಿದ ನೀರು ಅದನ್ನು ಫಟ್ಟನೆ ಮುಚ್ಚುತ್ತದೆ. ಆ ಹೊಡೆತದ ಒತ್ತಡಕ್ಕೆ ಸ್ವಲ್ಪ ನೀರು ಗುಮ್ಮಟದಂಥ ಗಾಳಿಕೋಶಕ್ಕೆ ನುಗ್ಗಿ, ಅಲ್ಲಿಂದ ತೋಟಕ್ಕೆ ಏರುತ್ತದೆ. ಕವಾಟ ಮತ್ತೆ ತೆರೆದುಕೊಳ್ಳುತ್ತದೆ.

ಲೆಕ್ಕ ಹೀಗೆ: ನಿಮಿಷಕ್ಕೆ 60 ಲೀಟರ್ ನೀರು 2 ಮೀಟರ್ ಇಳಿದರೆ, ಶೇ. 60 ದಕ್ಷತೆಯಲ್ಲಿ 3.6 ಲೀಟರ್ 20 ಮೀಟರ್ ಎತ್ತರಕ್ಕೆ ಹೋಗುತ್ತದೆ. ಕಡಿಮೆಯೆನಿಸಬಹುದು; ಹಗಲೂ ರಾತ್ರಿ ನಡೆದರೆ ದಿನಕ್ಕೆ 5,000 ಲೀಟರಿಗೂ ಹೆಚ್ಚು.