ಆರು ತಿಂಗಳ ಗೂಡಿನಿಂದ ಒಂದು ರಕ್ತಪರೀಕ್ಷೆಯವರೆಗೆ: ನಾಯಿ ಗಡಿ ದಾಟಿದ ಕಥೆ

ಈ ವಾರ ಚಾನೆಲ್‌ನಲ್ಲಿ ಮಾತಾಡಿದ್ದನ್ನ ಓದೋರಿಗಾಗಿ ಇಲ್ಲಿ ಬರೆದು ಹಾಕಿದ್ದೀವಿ. ಮಾತಿನ ಭರದಲ್ಲಿ ಬೇಗ ದಾಟಿಹೋದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದೆ.

ಆನ್‌ಸೈಟ್ ಅಂತ ಮೇಲ್ ಬಂದ ದಿನ ಮನೆಯಲ್ಲಿ ಏಳೋ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ವೀಸಾ ಯಾವಾಗ, ಮಗುವಿನ ಸ್ಕೂಲ್ ಏನು, ಊರಲ್ಲಿರೋ ಅಪ್ಪ ಅಮ್ಮನ್ನ ಯಾರು ನೋಡ್ತಾರೆ. ನಾಯಿ ಸಾಕಿದ ಮನೆಯಲ್ಲಿ ಇನ್ನೂ ಒಂದು ಪ್ರಶ್ನೆ ಸೇರುತ್ತೆ. ಪುಣೆಯ ಫ್ಲ್ಯಾಟಲ್ಲೋ ಹೈದರಾಬಾದಿನ ಅಪಾರ್ಟ್‌ಮೆಂಟಲ್ಲೋ ನಾಲ್ಕು ವರ್ಷದಿಂದ ಮನೆಮಂದಿಯಲ್ಲಿ ಒಬ್ಬನಾಗಿರೋ ಈ ನಾಯಿಯನ್ನ ಏನು ಮಾಡೋದು? ವಿಚಾರಿಸಿದರೆ ಗೊತ್ತಾಗುತ್ತೆ, ನಮ್ಮ ವೀಸಾ ಕೆಲವೇ ವಾರಗಳಲ್ಲಿ ಬರಬಹುದು, ಆದರೆ ನಾಯಿಯ ಕಾಗದಕ್ಕೆ ತಿಂಗಳುಗಟ್ಟಲೆ ಬೇಕು. ಇದೆಂಥ ನ್ಯಾಯ ಅಂತ ಸಿಟ್ಟು ಬರೋದು ಸಹಜ.

ಆ ಸಿಟ್ಟಿಗೆ ಉತ್ತರ ಇತಿಹಾಸದಲ್ಲಿದೆ. ಅದನ್ನ ಬ್ರಿಟನ್ನಿನ ಉದಾಹರಣೆ ಇಟ್ಟುಕೊಂಡು ನೋಡೋಣ. ನಾಯಿಯ ಗಡಿ ನಿಯಮ ಹುಟ್ಟಿದ್ದು, ಬಿಗಿಯಾದದ್ದು, ಸಡಿಲವಾದದ್ದು, ಮತ್ತೆ ಬದಲಾದದ್ದು, ಎಲ್ಲವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಕಾಯೋದೇ ಪರೀಕ್ಷೆ

ಮೊದಲು ರೋಗದ ವಿಷಯ ತಿಳ್ಕೊಳ್ಳಬೇಕು. ರೇಬೀಸ್ ಬಂದ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ. ಅದಕ್ಕಿಂತ ತೊಂದರೆಯ ವಿಷಯ ಇನ್ನೊಂದಿದೆ. ಸೋಂಕು ತಗುಲಿದ ನಾಯಿ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಆರೋಗ್ಯವಾಗೇ ಕಾಣುತ್ತೆ. ತಿನ್ನುತ್ತೆ, ಆಡುತ್ತೆ, ಬಾಲ ಅಲ್ಲಾಡಿಸುತ್ತೆ. ಆ ಹಂತದಲ್ಲಿ ಬದುಕಿರೋ ನಾಯಿಯ ಮೈಯಲ್ಲಿ ವೈರಸ್ ಇದೆಯಾ ಇಲ್ಲವಾ ಅಂತ ಖಚಿತವಾಗಿ ಹೇಳೋ ಪರೀಕ್ಷೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಹಾಗಾಗಿ ಉಳಿದಿದ್ದು ಒಂದೇ ದಾರಿ: ಕೂಡಿಹಾಕಿ ಕಾಯೋದು. ರೋಗ ಇದ್ದರೆ ಅಷ್ಟರಲ್ಲಿ ಹೊರಗೆ ಬರುತ್ತೆ, ಇಲ್ಲದಿದ್ದರೆ ನಾಯಿ ಮನೆಗೆ ಹೋಗುತ್ತೆ.

19ನೇ ಶತಮಾನದ ಬ್ರಿಟನ್ನಿನ ಬೀದಿಗಳಲ್ಲಿ ಹುಚ್ಚುನಾಯಿ ಮಾಮೂಲಿ ಭಯವಾಗಿತ್ತು. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದ. ಆದರೆ ಅದು ಕಚ್ಚಿಸಿಕೊಂಡ ಮನುಷ್ಯನಿಗೆ ಸಿಕ್ಕ ಔಷಧಿ. ಬೀದಿಯ ನಾಯಿಗೆ ಏನೂ ಇರಲಿಲ್ಲ. ಬ್ರಿಟನ್ ಹಿಡಿದಿದ್ದು ಬೇರೆ ದಾರಿ. ನಮ್ಮ ಕಡೆ ಕಣದಲ್ಲಿ ಎತ್ತು ತೆನೆಗೆ ಬಾಯಿ ಹಾಕದಿರಲಿ ಅಂತ ಕುಕ್ಕೆ ಕಟ್ಟುತ್ತಾರಲ್ಲ, ಹಾಗೆ ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ ಮಾಡಿದರು. ಕೃಷಿ ಮಂಡಳಿಯ ಮುಖ್ಯಸ್ಥ ವಾಲ್ಟರ್ ಲಾಂಗ್ 1890ರ ದಶಕದ ಕೊನೆಯಲ್ಲಿ ಇದನ್ನ ಹಟ ಹಿಡಿದು ಜಾರಿಗೆ ತಂದ. ನಾಯಿ ಮಾಲೀಕರು ರೊಚ್ಚಿಗೆದ್ದರು. ಶ್ರೀಮಂತರ ಬೇಟೆನಾಯಿಗಳಿಗೆ ವಿನಾಯಿತಿ ಕೊಟ್ಟು ಬಡವರ ನಾಯಿಗೆ ಮಾತ್ರ ಕುಕ್ಕೆ ಯಾಕೆ ಅನ್ನೋ ಪ್ರಶ್ನೆಯೂ ಎದ್ದಿತು. ಅದು ನ್ಯಾಯವಾದ ಪ್ರಶ್ನೆಯೇ. ಮಾಲೀಕರಿಲ್ಲದ ಬೀದಿನಾಯಿಗಳನ್ನ ಹಿಡಿದು ಕೊಂದದ್ದೂ ಆ ಅಭಿಯಾನದ ಭಾಗವಾಗಿತ್ತು, ಅದನ್ನ ಮುಚ್ಚಿಡಬೇಕಿಲ್ಲ.

ಒಳಗಿನ ರೋಗ ತೊಲಗುತ್ತಿದ್ದಂತೆ ಹೊರಗಿಂದ ಬರೋ ನಾಯಿಯ ಮೇಲೆ ಕಣ್ಣು ಬಿತ್ತು. 1897ರಲ್ಲಿ ನಾಯಿ ಆಮದಿನ ಆದೇಶ ಬಂತು, ಮುಂದಿನ ಕೆಲವು ವರ್ಷಗಳಲ್ಲಿ ಅದು ಆರು ತಿಂಗಳ ಕ್ವಾರಂಟೈನ್ ಅಂತ ಗಟ್ಟಿಯಾಯಿತು. 1902ಕ್ಕೆ ಬ್ರಿಟನ್ನಿನಲ್ಲಿ ರೇಬೀಸ್ ಇಲ್ಲವಾಯಿತು. ಬಾಂಬೆಯಲ್ಲಿ ಹಡಗು ಹತ್ತಿದ ಆಂಗ್ಲ ಅಧಿಕಾರಿ ಇಲ್ಲಿ ಎಷ್ಟೇ ದರ್ಬಾರು ನಡೆಸಿರಲಿ, ಅವನ ನಾಯಿ ಮಾತ್ರ ಊರು ಮುಟ್ಟಿದ ಮೇಲೆ ಆರು ತಿಂಗಳು ಗೂಡಲ್ಲೇ ಇರಬೇಕಿತ್ತು.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು? 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯಲ್ಲೇ ಡೇವಿಡ್ ಸೆಂಪಲ್ 1911ರಲ್ಲಿ ತನ್ನ ಲಸಿಕೆ ರೂಪಿಸಿದ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ಅಜ್ಜಿಯರು ಹೆದರಿಸುತ್ತಿದ್ದದ್ದು ಇದನ್ನೇ. ಅವರು ನಾಯಿಯನ್ನ ತಡೆದರು, ನಾವು ಕಚ್ಚಿಸಿಕೊಂಡವರನ್ನ ಉಳಿಸೋದರಲ್ಲೇ ಇದ್ದೆವು. ಈ ವ್ಯತ್ಯಾಸ ನೆನಪಿರಲಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಗೋಡೆಯಲ್ಲಿ ಬಿರುಕು

ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ, 1918ರಲ್ಲಿ, ಪ್ಲಿಮತ್ ಸುತ್ತಮುತ್ತ ರೇಬೀಸ್ ಮತ್ತೆ ಕಾಣಿಸಿಕೊಂಡಿತು. ಯುರೋಪಿನ ರಣರಂಗದಿಂದ ವಾಪಸ್ಸಾದ ಸೈನಿಕರು ಕದ್ದುಮುಚ್ಚಿ ತಂದ ನಾಯಿಗಳೇ ಕಾರಣ ಅನ್ನೋದು ಒಪ್ಪಿತ ವಿವರಣೆ. ಸಾವಿನ ನಡುವೆ ಜೊತೆಗಿದ್ದ ನಾಯಿಯನ್ನ ಬಿಟ್ಟು ಬರೋಕೆ ಯಾರಿಗೆ ಮನಸ್ಸು ಬಂದೀತು ಹೇಳಿ. ಆದರೆ ಆ ಪ್ರೀತಿಯ ಬೆಲೆ ತೆತ್ತದ್ದು ಅಲ್ಲಿನ ಊರುಗಳ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳು. ರೋಗ ಮತ್ತೆ ತೊಲಗಿದ್ದು 1922ರಲ್ಲಿ.

ಆಮೇಲೆ ಐವತ್ತು ವರ್ಷ ಹತ್ತಿರ ಎಲ್ಲ ಸುಸೂತ್ರ. 1969ರಲ್ಲಿ ಕ್ಯಾಂಬರ್ಲಿ ಅನ್ನೋ ಊರಲ್ಲಿ ಫ್ರಿಟ್ಜ್ ಅನ್ನೋ ನಾಯಿಗೆ ರೋಗ ಕಾಣಿಸಿಕೊಂಡಿತು. ಸೈನಿಕ ಕುಟುಂಬವೊಂದು ಜರ್ಮನಿಯಿಂದ ತಂದ ನಾಯಿ ಅದು. ಕದ್ದು ತಂದದ್ದಲ್ಲ. ಆರು ತಿಂಗಳ ಕ್ವಾರಂಟೈನ್ ಪೂರ್ತಿ ಮುಗಿಸಿ, ಹೊರಬಂದು ಹತ್ತು ದಿನಗಳ ಆಸುಪಾಸಿನಲ್ಲಿ ಹುಚ್ಚು ಹಿಡಿಯಿತು. ಸುತ್ತಲ ಕಾಡಿನ ನರಿಗಳನ್ನ ಬೇಟೆಯಾಡಿ ಕೊಂದರು. ಮರುವರ್ಷ ನ್ಯೂಮಾರ್ಕೆಟ್‌ನಲ್ಲಿ, ಪಾಕಿಸ್ತಾನದಿಂದ ತಂದ ನಾಯಿಯೊಂದು ಅದೇ ರೀತಿ ಕ್ವಾರಂಟೈನ್ ಮುಗಿಸಿದ ಮೇಲೆ ರೇಬೀಸಿನಿಂದ ಸತ್ತಿತು.

ಜನ ಬೆಚ್ಚಿಬಿದ್ದರು. ನಿಯಮ ಪಾಲಿಸಿದ ನಾಯಿಗೇ ರೋಗ ಬಂದರೆ ಇನ್ನು ಯಾವುದನ್ನ ನಂಬೋದು? ವಾಟರ್‌ಹೌಸ್ ಸಮಿತಿ ಕೂತು 1971ರಲ್ಲಿ ವರದಿ ಕೊಟ್ಟಿತು, 1974ರಲ್ಲಿ ಹೊಸ ಕಾನೂನು ಬಂತು. ಆರು ತಿಂಗಳು ಹಾಗೇ ಉಳಿಯಿತು, ಜೊತೆಗೆ ಕ್ವಾರಂಟೈನ್ ಒಳಗೇ ಲಸಿಕೆ ಕಡ್ಡಾಯವಾಯಿತು. ಎದುರುಗಡೆ ಯುರೋಪಿನಲ್ಲಿ ನರಿಗಳ ಮೂಲಕ ಪಶ್ಚಿಮಕ್ಕೆ ಹರಡುತ್ತಿದ್ದ ರೋಗ 1968ರ ಹೊತ್ತಿಗೆ ಫ್ರಾನ್ಸ್ ಮುಟ್ಟಿತ್ತು. 1994ರಲ್ಲಿ ಚಾನೆಲ್ ಸುರಂಗ ತೆರೆದಾಗಲೂ, ಹುಚ್ಚು ಹಿಡಿದ ನರಿ ಸುರಂಗದೊಳಗೆ ಓಡಿಬಂದರೆ ಏನು ಗತಿ ಅನ್ನೋ ಭಯಕ್ಕೆ ಬೇಲಿ, ವಿದ್ಯುತ್ ತಡೆ ಎಲ್ಲ ಹಾಕಿದರು.

ನರಿಗೆ ಹಾಕಿದ ಲಸಿಕೆ

ಬದಲಾವಣೆ ಶುರುವಾಗಿದ್ದು ಯಾರೂ ಊಹಿಸದ ಕಡೆಯಿಂದ. 1978ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕೋಳಿ ತಲೆಗಳೊಳಗೆ ಲಸಿಕೆ ಇಟ್ಟು ಕಣಿವೆಯಲ್ಲಿ ಎಸೆದರು. ನರಿ ತಿಂದಿತು, ಅದಕ್ಕೆ ರೋಗನಿರೋಧಕ ಶಕ್ತಿ ಬಂತು. ಆಮೇಲೆ ಪಶ್ಚಿಮ ಯುರೋಪಿನ ದೇಶಗಳೆಲ್ಲ ಇದನ್ನೇ ಹಿಡಿದವು, ವಿಮಾನದಿಂದಲೂ ಲಸಿಕೆಯ ತಿನಿಸು ಬೀಳಿಸಿದರು. ಕಾಡಿನಲ್ಲಿ ರೋಗ ಕಮ್ಮಿಯಾಗುತ್ತಾ ಬಂತು.

ಇತ್ತ ಬ್ರಿಟನ್ನಿನಲ್ಲಿ ಕ್ವಾರಂಟೈನ್ ವಿರುದ್ಧ ದನಿ ಜೋರಾಯಿತು. ಹಾಂಗ್‌ಕಾಂಗಿನ ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ 1997ರಲ್ಲಿ ಅಧಿಕಾರ ಬಿಟ್ಟು ಹೊರಟಾಗ, ಅವರ ವಿಸ್ಕಿ, ಸೋಡಾ ಅನ್ನೋ ಎರಡು ನಾಯಿಗಳು ಬ್ರಿಟನ್ನಿಗೆ ಬರದೆ ಫ್ರಾನ್ಸಿಗೆ ಹೋದವು. ಒಂದು ವಸಾಹತನ್ನೇ ಹಸ್ತಾಂತರ ಮಾಡಿ ಬಂದವರಿಗೂ ಸ್ವಂತ ನಾಯಿಯನ್ನ ನೇರ ಮನೆಗೆ ತರೋಕೆ ಆಗಲಿಲ್ಲ. 1998ರಲ್ಲಿ ಇಯಾನ್ ಕೆನಡಿ ಅಧ್ಯಕ್ಷತೆಯ ಸಮಿತಿ ಬದಲಿ ವ್ಯವಸ್ಥೆ ಸೂಚಿಸಿತು. 2000ದ ಫೆಬ್ರವರಿ 28ರಂದು ಅದು ಜಾರಿಗೆ ಬಂತು.

ಹೊಸ ವ್ಯವಸ್ಥೆಯ ತರ್ಕ ನೋಡಿ. ಮೈಕ್ರೋಚಿಪ್ ಹಾಕಿ, ಇದು ಅದೇ ನಾಯಿ ಅನ್ನೋದಕ್ಕೆ ಪುರಾವೆ. ಲಸಿಕೆ ಹಾಕಿ. ಲಸಿಕೆ ಕೆಲಸ ಮಾಡಿದೆ ಅಂತ ರಕ್ತಪರೀಕ್ಷೆಯಲ್ಲಿ ತೋರಿಸಿ. ಆಮೇಲೆ ರಕ್ತ ತೆಗೆದ ದಿನದಿಂದ ಆರು ತಿಂಗಳು ಕಾಯಿರಿ. ಹೌದು, ಮತ್ತೆ ಅದೇ ಆರು ತಿಂಗಳು! ವ್ಯತ್ಯಾಸ ಇಷ್ಟೇ, ಮೊದಲು ನಾಯಿ ಅಪರಿಚಿತ ಗೂಡಲ್ಲಿ ಕಾಯ್ತಿತ್ತು, ಈಗ ನಿಮ್ಮ ಸೋಫಾ ಮೇಲೆ ಕಾಯುತ್ತೆ. ಕಾಯೋ ಕಾಲ ಹೋಗಲಿಲ್ಲ, ಕಾಯೋ ಜಾಗ ಬದಲಾಯಿತು. ನಾಯಿಯ ಮಟ್ಟಿಗೆ ಅದು ಸಣ್ಣ ಬದಲಾವಣೆ ಅಲ್ಲ.

ಆದರೆ ಈ ಸೌಲಭ್ಯ ಪಟ್ಟಿಯಲ್ಲಿದ್ದ ದೇಶಗಳಿಗೆ ಮಾತ್ರ. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. ಫ್ರಾನ್ಸಿನ ನಾಯಿ ಪಾಸ್‌ಪೋರ್ಟ್ ಹಿಡಿದು ಓಡಾಡುತ್ತಿದ್ದ ಕಾಲದಲ್ಲೂ ಬೆಂಗಳೂರಿನಿಂದ ಹೋದ ನಾಯಿ 2011ರ ಕೊನೆಯವರೆಗೆ ಆ ಹಳೇ ಆರು ತಿಂಗಳ ಗೂಡಿಗೇ ಹೋಗ್ತಿತ್ತು. 2012ರ ಜನವರಿ 1ರಂದು ಬ್ರಿಟನ್ ಯುರೋಪಿನ ಸಾಮಾನ್ಯ ನಿಯಮಕ್ಕೆ ಹೊಂದಿಕೊಂಡಿತು. ಪಟ್ಟಿಯಲ್ಲಿರೋ ದೇಶದ ನಾಯಿಗೆ ಲಸಿಕೆಯಾಗಿ 21 ದಿನ ಸಾಕು. ಪಟ್ಟಿಯಲ್ಲಿಲ್ಲದ ದೇಶದ ನಾಯಿಗೆ ಲಸಿಕೆಯಾಗಿ 30 ದಿನದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನಮ್ಮ ನಾಯಿಗಳಿಗೆ ಇವತ್ತಿಗೂ ಇದೇ ಲೆಕ್ಕ.

2021ರ ಜನವರಿ 1ರಿಂದ ಬ್ರಿಟಿಷರಿಗೂ ಇದರ ಬಿಸಿ ತಟ್ಟಿತು. ಬ್ರೆಕ್ಸಿಟ್ ಆದ ಮೇಲೆ ಅಲ್ಲಿನ ನಾಯಿಗಳ ಯುರೋಪಿಯನ್ ಪಾಸ್‌ಪೋರ್ಟ್ ರಾತ್ರೋರಾತ್ರಿ ಬೆಲೆ ಕಳ್ಕೊಂಡಿತು. ಪ್ರತಿ ಪ್ರವಾಸಕ್ಕೂ ಬೇರೆ ಬೇರೆ ಆರೋಗ್ಯ ಪ್ರಮಾಣಪತ್ರ, ಅದು ಸಿಕ್ಕ 10 ದಿನದೊಳಗೆ ಗಡಿ ದಾಟಬೇಕು. ನಾಯಿ ಅದೇ, ಲಸಿಕೆ ಅದೇ. ಬದಲಾಗಿದ್ದು ಅದರ ದೇಶ ನಿಂತಿರೋ ಜಾಗ.

ಪಟ್ಟಿಯಲ್ಲಿ ನಮ್ಮ ಜಾಗ

ಅಮೆರಿಕದ ಕಥೆಯೂ ಬೇರೆಯಲ್ಲ. 2007ರಲ್ಲಿ ನಾಯಿಗಳಿಂದ ಹರಡೋ ರೇಬೀಸ್ ತಳಿ ತಮ್ಮಲ್ಲಿ ಇಲ್ಲವಾಯಿತು ಅಂತ ಘೋಷಿಸಿದರು. 2020ರಲ್ಲಿ ಸುಳ್ಳು ಅಥವಾ ಅರೆಬರೆ ಲಸಿಕೆ ಪತ್ರ ಹಿಡಿದು ಬಂದ 450ಕ್ಕೂ ಹೆಚ್ಚು ನಾಯಿಗಳು ಸಿಕ್ಕವು. 2021ರ ಜುಲೈ 14ರಿಂದ, ಅಪಾಯ ಹೆಚ್ಚು ಅಂತ ಗುರುತಿಸಿದ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳನ್ನ ತಡೆದರು. ಆ ಪಟ್ಟಿಯಲ್ಲಿ ಭಾರತವೂ ಇತ್ತು. 2024ರ ಆಗಸ್ಟ್ 1ರಿಂದ ಹೊಸ ನಿಯಮ: ನಾಯಿಗೆ ಕನಿಷ್ಠ ಆರು ತಿಂಗಳ ವಯಸ್ಸು, ಮೈಕ್ರೋಚಿಪ್, ಮುಂಚಿತ ಫಾರ್ಮ್. ನಮ್ಮಂಥ ದೇಶದಲ್ಲಿ ಲಸಿಕೆ ಹಾಕಿಸಿದ್ದರೆ ರಕ್ತಪರೀಕ್ಷೆಯ ವರದಿ, ಅದಿಲ್ಲದಿದ್ದರೆ ಅಲ್ಲಿಳಿದ ಮೇಲೆ 28 ದಿನ ಕ್ವಾರಂಟೈನ್. ಯಾರೋ ದುಡ್ಡಿನಾಸೆಗೆ ಬರೆದ ಸುಳ್ಳು ಕಾಗದದ ಭಾರವನ್ನ ಈಗ ಪ್ರಾಮಾಣಿಕರ ನಾಯಿಯೂ ಹೊರುತ್ತೆ.

ಈಗ ಆ ಸಿಟ್ಟಿನ ಪ್ರಶ್ನೆಗೆ ಬರೋಣ. ನಿಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಆಗಿದೆ, ಅದು ಮನೆ ಬಿಟ್ಟು ಹೋಗೋದೂ ಇಲ್ಲ. ಹಾಗಿದ್ದರೂ ಅನುಮಾನ ಯಾಕೆ? ಯಾಕಂದ್ರೆ ಗಡಿಯಲ್ಲಿ ಕೂತವರು ನೋಡೋದು ನಾಯಿ ಹೊರಟ ಬೀದಿಯನ್ನ. ಆ ಬೀದಿಯಲ್ಲಿ ಇನ್ನೂ ರೇಬೀಸ್ ಇದೆ. ಬ್ರಿಟನ್ನಿನ ಕಥೆಯಲ್ಲಿ ನಿಯಮ ಸಡಿಲವಾಗಿದ್ದಕ್ಕೆ ಚಳವಳಿ ಕಾರಣ ನಿಜ, ಆದರೆ ಆ ಚಳವಳಿಗೆ ಬಲ ಬಂದದ್ದು ಯುರೋಪಿನ ಕಾಡಲ್ಲಿ ರೋಗ ಕಮ್ಮಿಯಾದ ಮೇಲೆ. ನರಿಗೆ ಹಾಕಿದ ಲಸಿಕೆ ನಾಯಿಗೆ ಪಾಸ್‌ಪೋರ್ಟ್ ಆಯಿತು.

ಬಾಯಿಕುಕ್ಕೆ, ಕೊಲ್ಲೋದು, ಆ 19ನೇ ಶತಮಾನದ ದಾರಿ ನಮಗೆ ಬೇಕಿಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿ, ಅದನ್ನ ವರ್ಷ ವರ್ಷ ಉಳಿಸಿಕೊಂಡರೆ ರೋಗದ ಸರಪಳಿ ತುಂಡಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮೆಕ್ಸಿಕೋ ದಶಕಗಳ ಕಾಲ ನಾಯಿಗಳಿಗೆ ಉಚಿತ ಲಸಿಕೆ ಹಾಕಿ, 2019ರಲ್ಲಿ ನಾಯಿಯಿಂದ ಮನುಷ್ಯನಿಗೆ ಬರೋ ರೇಬೀಸ್ ಇಲ್ಲದ ದೇಶ ಅನ್ನಿಸಿಕೊಂಡಿತು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಗೋವಾ ಬೀದಿನಾಯಿಗಳಿಗೆ ಸತತ ಲಸಿಕೆ ಹಾಕಿ ಮನುಷ್ಯರ ಸಾವನ್ನ ತಡೆದು ತೋರಿಸಿತು. 2030ರೊಳಗೆ ದೇಶದಲ್ಲೇ ಇದನ್ನ ಸಾಧಿಸೋ ರಾಷ್ಟ್ರೀಯ ಯೋಜನೆ 2021ರಿಂದ ಇದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಬೀದಿನಾಯಿ ಬಗ್ಗೆ ಜಗಳ ಬಂದಾಗ, ಗೇಟಿನ ಹೊರಗಿನ ನಾಯಿಗೂ ಲಸಿಕೆ ಹಾಕಿಸೋಣ ಅನ್ನೋ ಒಂದು ಮಾತು ಸೇರಿಸಿ. ಅದರಿಂದ ಮೊದಲು ಉಳಿಯೋದು ನಮ್ಮ ಮಕ್ಕಳು. ನಿಮ್ಮ ನಾಯಿಯ ಕಾಗದ ಹಗುರಾಗೋದು ಆಮೇಲಿನ ಮಾತು.

ಅಲ್ಲಿಯವರೆಗೆ ಏನು ಮಾಡೋದು? ಇತಿಹಾಸ ಕಲಿಸೋ ವ್ಯವಹಾರದ ಪಾಠ ಒಂದೇ: ಕಾಯೋ ಕಾಲವನ್ನ ತಪ್ಪಿಸೋಕೆ ಆಗಲ್ಲ, ಮುಂಚೆ ಕಳೆದುಬಿಡಬಹುದು. ಆನ್‌ಸೈಟ್ ಮಾತು ಬರೋ ಮೊದಲೇ ಚಿಪ್ ಹಾಕಿಸಿ. ಚಿಪ್ ಮೊದಲು, ಲಸಿಕೆ ಆಮೇಲೆ. ಈ ಕ್ರಮ ತಪ್ಪಿದರೆ ಬ್ರಿಟನ್, ಯುರೋಪಿನವರು ಆ ಲಸಿಕೆಯನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಆಮೇಲೆ ಅವರು ಒಪ್ಪೋ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡಿಸಿಡಿ. ಬೂಸ್ಟರ್ ಒಂದು ದಿನವೂ ತಪ್ಪದಂತೆ ನೋಡ್ಕೊಂಡರೆ ಅಲ್ಲಿನ ನಿಯಮದಲ್ಲಿ ಆ ವರದಿ ಚಾಲ್ತಿಯಲ್ಲೇ ಇರುತ್ತೆ. ಹೊರಡೋ ಮುನ್ನ ಇಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರ ಬೇಕು. ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರು, ಕೋಲ್ಕತ್ತದಲ್ಲಿ ಅವರ ಕೇಂದ್ರಗಳಿವೆ. ಟಿಕೆಟ್ ಮಾಡೋ ಮುನ್ನ ಆ ದೇಶದ ಸರ್ಕಾರಿ ಪುಟವನ್ನ ನೀವೇ ಓದಿ. ನಿಯಮ ಮತ್ತೆ ಬದಲಾಗಿರಬಹುದು. 1897ರಿಂದ ಅದು ಬದಲಾಗ್ತಾನೇ ಇದೆ.

ನಿಮ್ಮ ಅನುಭವ ಇದ್ದರೆ ಕೆಳಗೆ ಬರೀರಿ, ಹೊರಡೋರಿಗೆ ಉಪಯೋಗ ಆಗುತ್ತೆ. ಮುಂದಿನ ವಾರ ಸಿಗೋಣ.