ಭಯಾನಕ ಚಿತ್ರಗಳಲ್ಲಿ ಅದ್ಭುತರಸ

ನಾಟಕದ ಕಡೆಯ ಸಂಧಿಯಾದ ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂದು ಭರತಮುನಿಯು ವಿಧಿಸಿರುವನು. ಆದರೆ ಕಡೆಯಲ್ಲಿ ಬೆರಗಾಗಬೇಕಾದರೆ ಮೊದಲಿನಿಂದಲೂ ಕುಳಿತು ನೋಡಿರಬೇಕಷ್ಟೆ! ಅಮೆರಿಕದ ಚಿತ್ರಮಂದಿರಗಳಲ್ಲಿ ಬಹುಕಾಲ ಈ ಪದ್ಧತಿಯಿರಲಿಲ್ಲ. ಆಟಗಳು ಎಡೆಬಿಡದೆ ನಡೆಯುತ್ತಿದ್ದುದರಿಂದ ಜನರು ನಡುವೆ ಬಂದು ಕುಳಿತು, ಕಂಡ ಭಾಗವು ಮರಳಿ ಬಂದೊಡನೆ ಎದ್ದುಹೋಗುತ್ತಿದ್ದರು.

1955ರಲ್ಲಿ ಫ್ರಾನ್ಸಿನ ನಿರ್ದೇಶಕ ಕ್ಲೂಜೋ ತನ್ನ 'ಲೆ ದಿಯಾಬೊಲಿಕ್' ಚಿತ್ರದ ಕೊನೆಯಲ್ಲಿ, ಗುಟ್ಟನ್ನು ಮಿತ್ರರಿಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಬೇಡಿಕೊಂಡನು. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕನು ಬಾಗಿಲನ್ನೇ ಹಾಕಿಸಿದನು: 'ಸೈಕೋ' ಆರಂಭವಾದ ಮೇಲೆ ಯಾರಿಗೂ ಪ್ರವೇಶವಿಲ್ಲ. ನಷ್ಟವಾದೀತೆಂದು ಅಂಜಿದ ಮಂದಿರದವರು ಜನರ ಉದ್ದುದ್ದ ಸಾಲುಗಳನ್ನು ಕಂಡರು.

ಈ ಕಟ್ಟುನಿಟ್ಟಿಗೆ ಕಾರಣವು ಕಥೆಯಲ್ಲಿಯೇ ಇದ್ದಿತು. ನಾಯಕಿಯು 40,000 ಡಾಲರುಗಳನ್ನು ಕದ್ದು ಓಡುವಳು. ಪೊಲೀಸನೊಬ್ಬನ ನೋಟ, ದಾರಿ, ಇರುಳು, ಮಳೆ, ಎಲ್ಲವೂ ಮೆಲ್ಲಮೆಲ್ಲನೆ ಸಾಗುವುವು. ಹಣವೇ ಕಥೆಯೆಂದು ಪ್ರೇಕ್ಷಕನು ನಂಬಿರುವಾಗ, ಚಿತ್ರವು ಅರ್ಧಕ್ಕೆ ಬರುವ ಮೊದಲೇ ಆಕೆಯ ಕೊಲೆಯಾಗುವುದು. ತಡವಾಗಿ ಬಂದವನಿಗೆ ನಾಯಕಿಯೇ ಇಲ್ಲ! ಭರತನು ಕಡೆಗೆ ಇರಿಸಿದ್ದ ಬೆರಗನ್ನು ಈತನು ನಡುವಿಗೂ ತಂದನು. ಮೊದಲಿನ ಆ ನಿಧಾನವಿಲ್ಲದಿದ್ದರೆ ಅದು ಬರಿಯ ಹೆದರಿಕೆಯಾಗುತ್ತಿತ್ತು. ಕಡೆಯ ಗುಟ್ಟು ಬೇರೆಯೇ ಉಂಟು. ನೋಡದವರ ಸಲುವಾಗಿ ಅದನ್ನಿಲ್ಲಿ ಬರೆದಿಲ್ಲ.