ಬೀಸುವ ಕಲ್ಲು, ಕ್ಯಾಸೆಟ್ಟು, ಅಂಟು ಹಾಕಿದ ಫೋನು

ನಮ್ಮ ಹಿತ್ತಿಲಲ್ಲಿ ರಾಗಿ ಬೀಸುವ ಕಲ್ಲೊಂದಿದೆ. ಈಗ ಅದರ ಮೇಲೆ ದೊಡ್ಡಪತ್ರೆಯ ಕುಂಡ ಕೂತಿದೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕನಕಪುರಕ್ಕೆ ಹಿಟ್ಟಿನ ಮಿಲ್ಲು ಬಂದು ಕಲ್ಲಿನ ಕೆಲಸ ಮುಗಿದುಹೋಗಿತ್ತು. ರಾಗಿ ಡಬ್ಬ ಹೊತ್ತು ಮಿಲ್ಲಿನ ಮುಂದೆ ಸಾಲು ನಿಲ್ಲುವುದು ನಮ್ಮ ಭಾನುವಾರದ ಕೆಲಸ. ಬೆಳಗಿನ ಜಾವ ಎದ್ದು ಬೀಸುವುದು ತಪ್ಪಿತಲ್ಲ, ಒಳ್ಳೆಯದಾಯಿತಲ್ಲವೇ ಎಂದು ಅಮ್ಮನನ್ನು ಕೇಳಿದರೆ, "ರಟ್ಟೆ ಉಳೀತು ಕಣೆ, ಪದ ಹೋಯ್ತು" ಎನ್ನುತ್ತಿದ್ದಳು. ಹಾಗೆಂದು ಮಿಲ್ಲು ಬೇಡವೆಂದು ಅವಳು ಒಂದು ದಿನವೂ ಅನ್ನಲಿಲ್ಲ. ಬೀಸುವ ಕಲ್ಲನ್ನು ಹೊಗಳುವವರು ಸಾಮಾನ್ಯವಾಗಿ ಬೀಸದವರು.

1991ರಲ್ಲಿ ಬಿ.ಎಡ್. ಓದುವಾಗ ಗೆಳತಿಯ ಟೇಪ್ ರೆಕಾರ್ಡರ್ ತಂದು ಅಮ್ಮನ ಬೀಸುವ ಪದಗಳನ್ನು ಹಿಡಿದಿಡಲು ಹೊರಟೆ. ಕುರ್ಚಿಯಲ್ಲಿ ಕೂರಿಸಿ ಹಾಡು ಎಂದರೆ ಎರಡು ಸಾಲಿಗೇ ನಿಂತುಬಿಟ್ಟಳು. "ಗೂಟ ಹಿಡೀದೆ ಪದ ಹೆಂಗೆ ಬತ್ತದೆ?" ಎಂದಳು. ಕೊನೆಗೆ ಕಲ್ಲು ತೊಳೆದು, ಒಂದು ಸೇರು ರಾಗಿ ಇಟ್ಟುಕೊಂಡು ಕೂತಳು. ಕಲ್ಲು ತಿರುಗಿದ್ದೇ ತಡ, 60 ನಿಮಿಷದ ಕ್ಯಾಸೆಟ್ಟಿನ ಎರಡೂ ಬದಿ ತುಂಬಿತು.

ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ಅದರಲ್ಲಿ ನನಗೆ ಹಿಡಿಸಿದ್ದೆಂದರೆ, ಕೆಟ್ಟರೆ ಏನು ಕೆಟ್ಟಿದೆಯೆಂದು ಕಣ್ಣಿಗೆ ಕಾಣುತ್ತಿತ್ತು. ರೀಲು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು, ತುಂಡಾದರೆ ಸೆಲ್ಲೋಟೇಪಿನ ಚೂರು ಅಂಟಿಸುತ್ತಿದ್ದೆವು. ನೀವೂ ಮಾಡಿರುತ್ತೀರಿ.

ಅಪ್ಪನ ಎಚ್‌ಎಂಟಿ ಜನತಾ ವಾಚೂ ಇದೇ ಜಾತಿಯದು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ಮಾಡಲು ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಇಳಿಯಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆಯಾಯಿತು. ಸಾಸಿವೆ ಕಾಳಿನಂಥ ಬಿಡಿಭಾಗಗಳನ್ನು ಜೋಡಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳೂ ಬಹಳವಿದ್ದರು. ಜನತಾ 17 ಕಲ್ಲಿನ ವಾಚು. ಬೆಳಗ್ಗೆ ಕೀ ಕೊಟ್ಟರೆ ಮರುದಿನ ಬೆಳಗಿನವರೆಗೂ ಓಡುತ್ತಿತ್ತು. ಅಪ್ಪನಿಗೆ ಅದು ದೇವರ ದೀಪದಷ್ಟೇ ತಪ್ಪದ ಕೆಲಸ. 1987ರ ಹೊತ್ತಿಗೆ ಟೈಟನ್ನಿನ ಕ್ವಾರ್ಟ್ಜ್ ವಾಚು ಬಂತು. ಕೀ ಕೊಡುವ ರಗಳೆಯಿಲ್ಲ, ಸಮಯವೂ ಹೆಚ್ಚು ಕರಾರುವಾಕ್ಕು. ಜನ ಅತ್ತ ಹೋದರೆ ತಪ್ಪೇನು? 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅಪ್ಪನೂ ಈಗಿಲ್ಲ. ವಾಚು ಮಾತ್ರ ಓಡುತ್ತಿದೆ. ಅದಕ್ಕೆ ನಮ್ಮ ಪೇಟೆಯ ವಾಚು ರಿಪೇರಿ ಸಾಬರು ಕಾರಣ. ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರೆ, "ನೋಡಿ ಮೇಡಮ್ಮೋರೆ, ಧೂಳು" ಎಂದು ನಮಗೂ ತೋರಿಸುತ್ತಾರೆ.

2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂತು. ಐವತ್ತರ ವಯಸ್ಸಿನಲ್ಲಿ ನಾನೂ ಮಕ್ಕಳಿಂದ ಅದನ್ನು ಕಲಿತೆ. ಸಂಜೆ ಹೊತ್ತು ಎಂಬತ್ತರ ಅಮ್ಮ ಜಗಲಿಯಲ್ಲಿ ಕೂತಿರುವಾಗ ಫೋನು ಪಕ್ಕದಲ್ಲಿಟ್ಟರೆ, ಕಲ್ಲು ಗೂಟ ಯಾವುದೂ ಬೇಡ, 1991ರಲ್ಲಿ ನೆನಪಾಗದಿದ್ದ ಪದಗಳೆಲ್ಲ ಬರತೊಡಗಿದವು. ಹತ್ತು ಹದಿನೈದು ಸಂಜೆ ಹಾಡಿದಳು. ಮರುವರ್ಷ ತೀರಿಕೊಂಡಳು.

2023ರ ಒಂದು ಬೆಳಗ್ಗೆ ಚಾರ್ಜಿಗೆ ಹಾಕಿದ್ದ ಫೋನು ಏಳಲೇ ಇಲ್ಲ. ರಿಪೇರಿ ಕೇಂದ್ರದ ಹುಡುಗ ಬೋರ್ಡು ಹೋಗಿದೆ, ಇದನ್ನು ಕೊಟ್ಟು ಹೊಸದು ತಗೊಳ್ಳಿ ಎಂದ. "ಒಳಗೆ ನಮ್ಮಮ್ಮ ಇದ್ದಾಳಪ್ಪ" ಎಂದೆ. ಅವನು ಕಂಪ್ಯೂಟರಿನಿಂದ ತಲೆಯೆತ್ತಿ, "ಬ್ಯಾಕಪ್ ಇಲ್ವಾ ಮೇಡಂ?" ಎಂದ. ಇರಲಿಲ್ಲ. ತಡೆಯಲಾರದೆ ಸಾಬರ ಹತ್ತಿರ ಒಯ್ದೆ. ಅವರು ಹಿಂದೆ ಮುಂದೆ ತಿರುಗಿಸಿ ಸ್ಕ್ರೂ ಹುಡುಕಿದರು. "ಅಂಟು ಹಾಕವ್ರೆ ಮೇಡಮ್ಮೋರೆ. ನಮ್ಮಂಥೋರು ಬಿಚ್ಚಬಾರ್ದು ಅಂತ್ಲೇ ಮಾಡವ್ರೆ."

ಮಗಳು ನ್ಯಾಯ ಹೇಳಿದಳು. ತೆಳ್ಳಗಿರಲಿ, ನೀರು ಇಳಿಯದಿರಲಿ ಎಂದು ಅಂಟು. ಕದ್ದವನು ಓದದಿರಲಿ ಎಂದು ಒಳಗಿನದಕ್ಕೆಲ್ಲ ಗುಪ್ತ ಬೀಗ. ಇರಬಹುದು. ಆದರೆ ಆ ಬೀಗ ಕಳ್ಳನಿಗೂ ಮಗಳಿಗೂ ವ್ಯತ್ಯಾಸ ಮಾಡಲಿಲ್ಲವಲ್ಲ! ಕೋಲಾರದ ನರಸಾಪುರದಲ್ಲಿ ಈಗ ಐಫೋನ್ ಜೋಡಿಸುತ್ತಾರೆ (ನನ್ನದು ಆ ಕಂಪನಿಯದಲ್ಲ). ಜಾಲಹಳ್ಳಿಯಂತೆ ಅಲ್ಲೂ ದುಡಿಯುವ ಹೆಣ್ಣುಮಕ್ಕಳು ಬಹಳ. ಫೋನು ನಮ್ಮ ಹೆಣ್ಣುಮಕ್ಕಳ ಕೈಯಲ್ಲೇ ಮುಚ್ಚಿಕೊಳ್ಳುತ್ತದೆ, ನಮ್ಮ ಪೇಟೆಯಲ್ಲಿ ಮಾತ್ರ ತೆರೆದುಕೊಳ್ಳುವುದಿಲ್ಲ.

ಈ ಗೋಳು ನನ್ನೊಬ್ಬಳದೇ ಅಲ್ಲವೆಂದು ಆಮೇಲೆ ತಿಳಿಯಿತು. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಕೊಂಡವರ ಹಕ್ಕು ಎಂಬ ಕೂಗು ಲೋಕದಲ್ಲೆಲ್ಲ ಎದ್ದಿದೆ. 2022ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಇದಕ್ಕೊಂದು ಜಾಲತಾಣ ತೆರೆಯಿತು. 2024ರಲ್ಲಿ ಯುರೋಪ್ ಒಕ್ಕೂಟ ಕಾನೂನನ್ನೇ ತಂದಿತು. ಅದಕ್ಕೂ ಮೊದಲು, 2023ರಲ್ಲೇ, ಕೈಯಲ್ಲಿ ಒಯ್ಯುವ ಉಪಕರಣಗಳ ಬ್ಯಾಟರಿಯನ್ನು ಕೊಂಡವರೇ ತೆಗೆದು ಹಾಕುವಂತಿರಬೇಕೆಂದು ಅವರು ಮಾಡಿದ ನಿಯಮ, ಕೆಲವು ವಿನಾಯಿತಿಗಳೊಡನೆ, 2027ರ ಫೆಬ್ರವರಿಗೆ ಜಾರಿಗೆ ಬರುವಂಥದು. ಸ್ಕ್ರೂಗಳು ಮರಳಿ ಬಂದರೂ ಬರಬಹುದು. ಬಂದಾಗ ಪೇಟೆಯಲ್ಲಿ ಸಾಬರಂಥವರು ಉಳಿದಿರಬೇಕಷ್ಟೆ. ಅವರ ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ.

ಹಳೆಯ ಕ್ಯಾಸೆಟ್ಟು ಟ್ರಂಕಿನಲ್ಲಿ ಸಿಕ್ಕಿತು. ನಮ್ಮ ಮನೆಯ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಕಾಕಂಬಿಯಂತಾಗಿತ್ತು. ಸಾಬರು ಹದಿನೈದು ದಿನ ಹುಡುಕಿ ಬೇರೆ ಬೆಲ್ಟು ಹಾಕಿದರು. ಅಂಗಡಿಯ ಮುಂದೆ ನಿಂತೇ ಕೇಳಿದೆ. ಮೊದಲು ಕಲ್ಲಿನ ಗರಗರ, ಆಮೇಲೆ ಐವತ್ತರ ಅಮ್ಮ. ನನಗೀಗ ಅವಳಿಗಿಂತ ಹೆಚ್ಚು ವಯಸ್ಸು. ಎರಡನೆಯ ಬದಿಗೆ ತಿರುಗಿಸಿದರೆ ಸಿನಿಮಾ ಹಾಡು! ಯಾವಾಗಲೋ ತಮ್ಮ ಅದರ ಮೇಲೆಯೇ ತುಂಬಿಸಿದ್ದಾನೆ. ಕ್ಯಾಸೆಟ್ಟಿನ ಬೆನ್ನ ಮೇಲಿನ ಪುಟ್ಟ ಪ್ಲಾಸ್ಟಿಕ್ ಎಸಳನ್ನು ಅಂದೇ ಮುರಿದಿದ್ದರೆ ಹೀಗಾಗುತ್ತಿರಲಿಲ್ಲ. ಇದರ ತಪ್ಪನ್ನು ಯಾವ ಕಂಪನಿಯ ಮೇಲೆ ಹಾಕಲಿ?

ಉಳಿದ ಅರ್ಧ ಗಂಟೆಯನ್ನು ಮಗಳು ತನ್ನ ಫೋನಿಗೆ ಇಳಿಸಿಕೊಂಡು ಇನ್ನೂ ಎರಡು ಕಡೆ ಇಟ್ಟಳು. ಸಾಬರು ಚಿಮುಟ ತೆಗೆದುಕೊಂಡು ಆ ಎಸಳನ್ನು ಚಟ್ಟನೆ ಮುರಿದು, ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು.